ಸೊಪ್ಪು ಬೇಯುವ ಕಾಲದಲ್ಲಿ ತೆಗೆದ ಮೂರು ಎಕ್ಸ್‌ರೇ

ಬೆಟ್ಟದಪುರದ ಕಡೆ ಹೋಗುವ ಬಸ್ಸಿನಲ್ಲಿ, ಹೊಗೆಸೊಪ್ಪಿನ ವಾಸನೆ ಬಂತೆಂದು ಮೂಗು ಮುಚ್ಚಿಕೊಂಡು ಕಿಟಕಿ ಎಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಸಿ ಸೊಪ್ಪನ್ನು ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಬೇಯಿಸುವ ಆ ಎತ್ತರದ ಕೋಣೆಯಲ್ಲಿ, ಕಾವು ಕೊಟ್ಟು ಹದ ಮಾಡುವಾಗ ಏಳುವ ವಾಸನೆ ಅದು. ಅಷ್ಟೇನೂ ಕೆಟ್ಟದ್ದಲ್ಲ. ಒಣಹುಲ್ಲಿನ ಮೆದೆಯ ಮೇಲೆ ಬೆಲ್ಲದ ಪಾಕ ಚೆಲ್ಲಿದ ಹಾಗಿರುತ್ತದೆ. ಹೋದ ತಿಂಗಳು ಮುಂದಿನ ಸೀಟಿನವರು ಕಿಟಕಿ ಎಳೆದರು. ನಾನು ಹಿಂದಿನಿಂದ ಕೈ ಚಾಚಿ ಮತ್ತೆ ತೆರೆದೆ. ಅವರು ತಿರುಗಿ ನೋಡಿದರು. ಸ್ವಲ್ಪ ಗಾಳಿ ಬರಲಿ ಎಂದೆ. ನನಗೆ ಬೇಕಿದ್ದದ್ದು ಗಾಳಿಯಲ್ಲ, ಆ ವಾಸನೆಯೇ. ಎಂಟು ವರ್ಷದ ಹಿಂದೆ, ಇದೇ ವಾಸನೆಯ ಕಾಲದಲ್ಲಿ, ನಾನೊಂದು ತಪ್ಪು ಮಾಡಿದ್ದೆ. ಆ ತಪ್ಪಿನಿಂದ ನನ್ನನ್ನು ಮೂವರು ಹೆಂಗಸರು ಪಾರು ಮಾಡಿದರು.

ನಾನು ಕೆ.ಆರ್. ನಗರದ ನಾಲೆ ಬಯಲಿನವನು. ಭತ್ತದ ಗದ್ದೆ ನೋಡಿಕೊಂಡು ಬೆಳೆದವನಿಗೆ ಹೊಗೆಸೊಪ್ಪಿನ ಸಂಗತಿ ಏನೂ ಗೊತ್ತಿರಲಿಲ್ಲ. ಮೈಸೂರಿನಲ್ಲಿ ಎಕ್ಸ್‌ರೇ ಡಿಪ್ಲೊಮಾ ಮುಗಿಸಿ, ಹುಣಸೂರು ಪಿರಿಯಾಪಟ್ಟಣದ ನಡುವಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಅದು ಈಗಿಲ್ಲ, ಹೆಸರೂ ಬೇಡ. ಎಕ್ಸ್‌ರೇ ಕೋಣೆಯ ಗೋಡೆಯಲ್ಲಿ ಒಂದು ಫಲಕವಿತ್ತು: 'ಗರ್ಭಿಣಿಯರು ಮೊದಲೇ ತಿಳಿಸಿ.' ಅದರ ಮೇಲೊಂದು ಮೊಳೆ ಇತ್ತು. ಮಳೆಗಾಲವಿಡೀ ನಾನು ನನ್ನ ರೇನ್‌ಕೋಟನ್ನು ಆ ಮೊಳೆಗೇ ತೂಗುಹಾಕುತ್ತಿದ್ದೆ. ಫಲಕದಲ್ಲಿ ಕಾಣುತ್ತಿದ್ದದ್ದು 'ತಿಳಿಸಿ' ಎಂಬುದೊಂದೇ.

ಮುಟ್ಟಾಗುವ ವಯಸ್ಸಿನ ಯಾವ ಹೆಂಗಸಿಗೂ ಕಿಬ್ಬೊಟ್ಟೆಯ ಎಕ್ಸ್‌ರೇ ತೆಗೆಯುವ ಮೊದಲು ಕಳೆದ ಸಲದ ಮುಟ್ಟಿನ ದಿನ ಕೇಳಬೇಕು. ಪರೀಕ್ಷೆಯಲ್ಲಿ ಇದನ್ನು ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಆದರೆ ಬರೆಯುವುದು ಬೇರೆ, ಇಪ್ಪತ್ತಮೂರು ವರ್ಷದ ಗಂಡು ಅದನ್ನು ಬಾಯಿಬಿಟ್ಟು ಕೇಳುವುದು ಬೇರೆ. ನನಗೆ ನಾಚಿಕೆ. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. ರೋಗಿಯ ಜೊತೆ ಬಂದ ಹಿರಿಯ ಹೆಂಗಸನ್ನು ಕೇಳಿಬಿಡುವುದು. ಅಮ್ಮನೋ ಅತ್ತೆಯೋ ದೊಡ್ಡಮ್ಮನೋ ಯಾರಾದರೂ ಇದ್ದೇ ಇರುತ್ತಿದ್ದರು. ಅವರು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಹಿರಿಯರನ್ನು ಕೇಳುವುದೇ ಮರ್ಯಾದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಆ ವರ್ಷ ಮಳೆ ಜೋರಿರಲಿಲ್ಲ, ಬಿಡಲೂ ಇಲ್ಲ. ದಿನಾ ಒಂದಿಷ್ಟು ಜಿಟಿಜಿಟಿ. ಹೊಲದಲ್ಲಿ ಸೊಪ್ಪು ಮುರಿಯುವುದು, ಟ್ರಾಕ್ಟರಿನಲ್ಲಿ ತಂದು ಸುರಿಯುವುದು, ಹೆಂಗಸರು ಸಾಲಾಗಿ ಕೂತು ಅದನ್ನು ಕಡ್ಡಿಗೆ ಕಟ್ಟುವುದು, ಗಂಡಸರು ಬ್ಯಾರನ್ನಿನ ಒಳಗೆ ಹತ್ತಿ ಕಡ್ಡಿಗಳನ್ನು ಜೋಡಿಸುವುದು, ಆಮೇಲೆ ಬೆಂಕಿ ಹಾಕಿ ಕಾಯುವುದು. ಕೆಸರಿನಲ್ಲಿ ಜಾರಿದವರು, ಕೈ ಉಳುಕಿಸಿಕೊಂಡವರು ನಮ್ಮಲ್ಲಿಗೆ ಬರುತ್ತಲೇ ಇದ್ದರು. ಗೌರಿ ಹಬ್ಬಕ್ಕೆ ನಾಲ್ಕು ದಿನವಿದೆ ಎನ್ನುವಾಗ ಚೈತ್ರಾ ಬಂದಳು. ಇಪ್ಪತ್ತೆರಡರ ಹುಡುಗಿ, ಮದುವೆಯಾಗಿ ಎರಡು ವರ್ಷ. ಬೆಟ್ಟದಪುರದ ಹತ್ತಿರದ ಹಳ್ಳಿಯವಳು. ಸೊಪ್ಪು ಇಳಿಸುವಾಗ ಟ್ರಾಕ್ಟರಿನ ಟ್ರೈಲರಿನಿಂದ ಜಾರಿ ಸೊಂಟದ ಮೇಲೆ ಬಿದ್ದಿದ್ದಳು. ಒಂದು ಕಡೆ ಗಂಡ ಸ್ವಾಮಿ ಹಿಡಿದುಕೊಂಡಿದ್ದ, ಇನ್ನೊಂದು ಕಡೆ ಅತ್ತೆ ದೇವೀರಮ್ಮ. ಡಾಕ್ಟರು ಸೊಂಟ, ತೊಡೆಗೆ ಎಕ್ಸ್‌ರೇ ಬರೆದರು.

ಗಂಡನನ್ನು ಹೊರಗೆ ನಿಲ್ಲಿಸಿ, ಅಭ್ಯಾಸದಂತೆ ದೇವೀರಮ್ಮನ ಕಡೆ ತಿರುಗಿದೆ. "ಅಮ್ಮಾ, ಇವರು ಕೊನೇ ಸಲ ಹೊರಗಾಗಿದ್ದು ಯಾವಾಗ?"

"ಈಗ ಐದು ದಿನ ಆಯ್ತು ಕಣಪ್ಪ. ಮೂರು ದಿನ ಬ್ಯಾರನ್ ಹತ್ರ ಸುಳಿಯಂಗಿಲ್ಲ ಅಂತ ಜಗಲೀಲೇ ಕುಂತಿದ್ಲು. ನೀನು ತೆಗಿ."

ಮುಟ್ಟಾದವರು ಬ್ಯಾರನ್ನಿನ ಬಾಗಿಲಿಗೆ ಹೋದರೆ ಸೊಪ್ಪಿನ ಬಣ್ಣ ಕೆಡುತ್ತದೆ ಎಂದು ಅವರ ಮನೆಯಲ್ಲಿ ನಂಬುತ್ತಿದ್ದರು. ಮೇಜಿನ ಮೇಲೆ ಮಲಗಿದ್ದ ಚೈತ್ರಾ ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು, ಆಮೇಲೆ ಸೂರು ನೋಡಿದಳು. ಆ ನೋಟ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆಗ ಮಾತ್ರ ನೋವಿಗೆ ಹಾಗೆ ಮಾಡುತ್ತಿದ್ದಾಳೆ ಅಂದುಕೊಂಡೆ. ಮೊದಲನೇ ಎಕ್ಸ್‌ರೇಯಲ್ಲಿ ಅವಳು ಅಲುಗಾಡಿದಳು. ಮತ್ತೊಂದು ತೆಗೆದೆ. ಪಕ್ಕದಿಂದ ಒಂದು. ಒಟ್ಟು ಮೂರು. ಮೂಳೆ ಎಲ್ಲೂ ಮುರಿದಿರಲಿಲ್ಲ. ನೋವಿನ ಮಾತ್ರೆ ಬರೆಸಿಕೊಂಡು ಅವರು ಹೊರಟರು. ದೇವೀರಮ್ಮ ಬಾಗಿಲಲ್ಲಿ ನಿಂತು, "ದೇವರು ನಿನ್ನ ಚೆನ್ನಾಗಿ ಮಡಗಿರಲಪ್ಪ," ಎಂದರು. ನಾನು ಆರಾಮಾಗಿ ಊಟಕ್ಕೆ ಹೋದೆ.

ಮೂರು ವಾರ ಕಳೆದು ಒಂದು ಶುಕ್ರವಾರ ಸ್ವಾಮಿ ಒಬ್ಬನೇ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತ. ಜಗಳಕ್ಕೆ ಬಂದವನ ಹಾಗಿರಲಿಲ್ಲ. ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟ್ ಇತ್ತು.

"ಅಣ್ಣ, ಒಂದು ಮಾತು. ಚೈತ್ರಂಗೆ ಮೂರು ತಿಂಗಳು ದಾಟ್ಯದಂತೆ. ಅವತ್ತು ಎಕ್ಸ್‌ರೇ ತೆಗೆದಾಗ್ಲೇ ಇತ್ತಂತೆ. ಮೆಡಿಕಲ್ ಸ್ಟೋರ್ನವ್ರು ಮಗೂಗೆ ಬುದ್ಧಿ ಬೆಳೆಯಕ್ಕಿಲ್ಲ ಅಂದ್ರು. ಫೋನಲ್ಲಿ ನೋಡಿದ್ರೆ ಅದೂ ಅಂಗೇ ಯೋಳ್ತದೆ. ಇಲ್ಲಿ ಡಾಕ್ಟ್ರು ನೀವೇ ಯೋಚ್ನೆ ಮಾಡಿ ಅಂತಾರೆ. ಬಸಿರು ತೆಗೆಸಕ್ಕೆ ಸೋಮವಾರ ಮೈಸೂರಿನ ಆಸ್ಪತ್ರೆಗೆ ಬರಾಕೆ ಯೋಳವ್ರೆ. ನೀವು ಮಿಷಿನ್ನೋರು, ನಿಮಗೆ ಗೊತ್ತಿರ್ತದೆ ಅಂತ ಬಂದೆ."

ರಿಪೋರ್ಟ್ ಕೈಗೆ ತೆಗೆದುಕೊಂಡು ಲೆಕ್ಕ ಹಾಕಿದೆ. ಬಿದ್ದ ದಿನ ಗರ್ಭ ಕಟ್ಟಿ ಒಂಬತ್ತು ವಾರ. ಸ್ಟೂಲಿನ ಮೇಲೆ ಕುಳಿತೆ. ಓದಿದ್ದೆಲ್ಲ ಒಮ್ಮೆಗೇ ನೆನಪಾಯಿತು, ಅದೂ ಭಯವಾಗುವಷ್ಟು ಮಾತ್ರ, ಧೈರ್ಯವಾಗುವಷ್ಟಲ್ಲ. ಎಂಟರಿಂದ ಹದಿನೈದನೇ ವಾರ ಮಗುವಿನ ಮಿದುಳಿಗೆ ನಾಜೂಕಿನ ಕಾಲ ಎಂಬುದು ನೆನಪಿತ್ತು. ಎಷ್ಟು ವಿಕಿರಣ ಬಿದ್ದರೆ ಅಪಾಯ ಎಂಬುದು ನೆನಪಿರಲಿಲ್ಲ. "ಭಾನುವಾರ ನಿಮ್ಮೂರಿಗೆ ಬರ್ತೀನಿ, ಅಲ್ಲಿವರೆಗೂ ಏನೂ ತೀರ್ಮಾನ ಮಾಡ್ಬೇಡಿ," ಎಂದಷ್ಟೇ ಹೇಳಲು ಸಾಧ್ಯವಾಯಿತು. ಸ್ವಾಮಿ ತಲೆಯಾಡಿಸಿ ಹೋದ. ನಾನು ರೇನ್‌ಕೋಟು ತೆಗೆದು ಕೆಳಗೆ ಹಾಕಿದೆ. ಫಲಕ ಪೂರ್ತಿ ಕಂಡಿತು.

ಶನಿವಾರ ರಜೆ ಹಾಕಿ, ದಿನಚರಿ ರಿಜಿಸ್ಟರನ್ನು ಚೀಲದಲ್ಲಿಟ್ಟುಕೊಂಡು ಮೈಸೂರಿಗೆ ಹೋದೆ. ಡಿಪ್ಲೊಮಾದಲ್ಲಿ ನಮಗೆ ವಿಕಿರಣ ಸುರಕ್ಷತೆ ಕಲಿಸಿದ ಶಾರದಾ ಮೇಡಂ ಮನೆಗೆ. ತರಗತಿಯಲ್ಲಿ ಅವರ ಬಾಯಿಗೆ ಹೆದರದವರೇ ಇರಲಿಲ್ಲ. ಅವರು ಹಿತ್ತಿಲಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ.

"ಮುಟ್ಟಿನ ದಿನ ಯಾರನ್ನ ಕೇಳಿದೆ?"

"ಅವರ ಅತ್ತೇನ, ಮೇಡಂ."

"ಎಕ್ಸ್‌ರೇ ಅತ್ತೆಗಾ?"

ಅವರು ಚೊಂಬು ಕೆಳಗಿಟ್ಟು, ಕೈ ಒರೆಸಿಕೊಂಡು, ರಿಜಿಸ್ಟರ್ ಕೊಡು ಎಂದರು. ಒಂದೊಂದು ಎಕ್ಸ್‌ರೇಗೂ ಮಿಷಿನ್ನನ್ನು ಎಷ್ಟಕ್ಕೆ ಇಟ್ಟಿದ್ದೆ ಎಂದು ನಾನು ತಪ್ಪದೆ ಬರೆದಿಡುತ್ತಿದ್ದೆ. ಆ ಒಂದು ಒಳ್ಳೇ ಅಭ್ಯಾಸ ನನ್ನಲ್ಲಿತ್ತು, ಅದೂ ಅವರೇ ಬೈದು ಕಲಿಸಿದ್ದು. ಮೇಡಂ ಕನ್ನಡಕ ಹಾಕಿಕೊಂಡು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಆ ಅರ್ಧ ಗಂಟೆಯಷ್ಟು ಉದ್ದದ ಅರ್ಧ ಗಂಟೆಯನ್ನು ನಾನು ಮತ್ತೆ ಕಂಡಿಲ್ಲ.

"ಕೇಳಿಸ್ಕೋ," ಎಂದರು ಕೊನೆಗೆ. "ಭಯ ಪಡೋದಕ್ಕೆ ಕಾರಣವೇ ಇಲ್ಲ ಅಂತ ಅವರಿಗೆ ಸುಳ್ಳು ಹೇಳ್ಬೇಡ. ಆ ವಾರಗಳಲ್ಲಿ ಮಗುವಿನ ಮಿದುಳಿನ ಜೀವಕೋಶಗಳು ಒಳಗಡೆ ಒಂದು ಕಡೆ ರಾಶಿ ರಾಶಿ ಹುಟ್ಟುತ್ವೆ. ಹುಟ್ಟಿದ ಜಾಗದಲ್ಲೇ ಇರಲ್ಲ. ಅಲ್ಲಿಂದ ಸರ್ಕೊಂಡು ಹೊರಗಿನ ಪದರಕ್ಕೆ ಬಂದು, ತಮ್ಮ ತಮ್ಮ ಜಾಗ ಹಿಡೀಬೇಕು. ಆ ಹೊತ್ತಿಗೆ ಜೋರು ವಿಕಿರಣ ಬಿದ್ರೆ ಎಷ್ಟೋ ಕೋಶ ಸಾಯುತ್ತೆ, ಎಷ್ಟೋ ದಾರೀಲೇ ನಿಂತುಬಿಡುತ್ತೆ. ತಲೆ ಚಿಕ್ಕದಾಗಬಹುದು, ಬುದ್ಧಿ ಕಡಿಮೆಯಾಗಬಹುದು. ಬಾಂಬು ಬಿದ್ದ ಊರುಗಳಲ್ಲಿ ಬಸಿರಲ್ಲಿದ್ದ ಮಕ್ಕಳನ್ನ ನೋಡಿ ಜಗತ್ತು ಕಲಿತ ಪಾಠ ಅದು."

ಅವರು ಕ್ಯಾಲೆಂಡರಿನ ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

"ಆದ್ರೆ ಬಿದ್ದಿದ್ದೆಷ್ಟು ಅನ್ನೋದು ಮುಖ್ಯ. ನಿನ್ನ ಮೂರೂ ಎಕ್ಸ್‌ರೇ ಸೇರಿಸಿದ್ರೂ, ಅಂಥ ಹಾನಿ ಕಂಡಿರೋ ಮಟ್ಟಕ್ಕಿಂತ ಎಷ್ಟೋ ಪಟ್ಟು ಕೆಳಗಿದೆ. ಹತ್ತಿರಕ್ಕೂ ಬರಲ್ಲ. ಇದಕ್ಕೋಸ್ಕರ ಆ ಹುಡುಗಿ ಬಸಿರು ತೆಗೆಸ್ಕೊಂಡ್ರೆ ಅದು ಅನ್ಯಾಯ. ಮಗು ಹೀಗೇ ಹುಟ್ಟುತ್ತೆ ಅಂತ ಗ್ಯಾರಂಟಿ ಕೊಡ್ಬೇಡ. ಎಕ್ಸ್‌ರೇ ಕಾಣದ ಮಗೂಗೂ ಯಾರೂ ಗ್ಯಾರಂಟಿ ಕೊಡಲ್ಲ. ನನ್ನ ಫೋನ್ ನಂಬರ್ ಬರ್ಕೊಡ್ತೀನಿ, ಅವರ ಡಾಕ್ಟರು ಬೇಕಾದ್ರೆ ನನ್ನ ಹತ್ರ ಮಾತಾಡಲಿ. ಆದ್ರೆ ಹೋಗಿ ಹೇಳೋನು ನೀನೇ. ನಾಚ್ಕೊಂಡಿದ್ದು ನೀನು."

ಬೈದದ್ದಕ್ಕೋ, ಬದುಕಿಸಿದ್ದಕ್ಕೋ ತಿಳಿಯದೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. "ಕಾಫಿ ಕುಡ್ಕೊಂಡು ಹೋಗು, ಮುಖ ನೋಡೋಕಾಗ್ತಿಲ್ಲ," ಎಂದರು.

ಭಾನುವಾರ ಬೆಳಗ್ಗೆ ಹತ್ತರ ಹೊತ್ತಿಗೆ ಆ ಹಳ್ಳಿಯಲ್ಲಿ ಬಸ್ಸಿಳಿದೆ. ಊರಿಗೆ ಊರೇ ಬೆಲ್ಲದ ವಾಸನೆ. ಬ್ಯಾರನ್ನಿನ ಮುಂದಿನ ತಗಡಿನ ಚಪ್ಪರದಲ್ಲಿ ದೇವೀರಮ್ಮ ಸೊಪ್ಪು ಕಟ್ಟುತ್ತಿದ್ದರು. ಸ್ವಾಮಿ ಕಟ್ಟಿದ ಕಡ್ಡಿಗಳನ್ನು ಒಟ್ಟುತ್ತಿದ್ದ. ಚೈತ್ರಾ ದೂರದಲ್ಲಿ, ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಯಾರೂ ನನ್ನನ್ನು ಬೈಯಲಿಲ್ಲ. ಕೂರಲು ಗೋಣಿಚೀಲ ಹಾಸಿದರು. ಅದೇ ಹೆಚ್ಚು ಕಷ್ಟವಾಯಿತು.

ಮೇಡಂ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳಿದೆ. ಜೀವಕೋಶ, ಪದರ ಎಂದರೆ ತಿಳಿಯಲಿಕ್ಕಿಲ್ಲ ಎಂದು ಸಸಿಯ ಉದಾಹರಣೆ ಕೊಟ್ಟೆ. ಟ್ರೇಯಲ್ಲಿ ಬೀಜ ಮೊಳೆತ ಮೇಲೆ ಸಸಿಯನ್ನು ಹೊಲಕ್ಕೆ ತಂದು ನೆಡುತ್ತೀರಲ್ಲ, ಮಗುವಿನ ಮಿದುಳಲ್ಲೂ ಹಾಗೆ ಒಂದು ಕಡೆ ಹುಟ್ಟಿದ್ದು ಇನ್ನೊಂದು ಕಡೆ ಹೋಗಿ ನಾಟುತ್ತದೆ, ಆ ನಾಟಿ ಕಾಲದಲ್ಲೇ ಇವರಿಗೆ ಎಕ್ಸ್‌ರೇ ಆಯಿತು ಎಂದೆ.

ಸ್ವಾಮಿ ಕೈಯಲ್ಲಿದ್ದ ಕಡ್ಡಿ ಇಳಿಸಿದ. "ನಾಟಿ ದಿವ್ಸ ಆಲಿಕಲ್ಲು ಬಿದ್ರೆ ಹೊಲ ಹೋಯ್ತು ಅಂತ್ಲೇ."

"ಆಲಿಕಲ್ಲು ಬಿದ್ದಿದ್ರೆ ಹೌದು. ಬಿದ್ದಿದ್ದು ನಾಲ್ಕು ಹನಿ. ನಮ್ಮ ಮೇಡಂ ಲೆಕ್ಕ ಹಾಕಿ ನೋಡಿದಾರೆ."

ಕ್ಯಾಲೆಂಡರಿನ ಹಾಳೆ ತೋರಿಸಿದೆ. ಅವನು ಅದನ್ನು ಹಿಡಿದು ಎರಡೂ ಬದಿ ನೋಡಿದ. ಆಮೇಲೆ ನಾನು ಹೇಳಬೇಕಾದದ್ದು ಹೇಳಿದೆ. "ತಪ್ಪು ನಂದು. ಅವತ್ತು ನಾನು ಇವರನ್ನೇ ಕೇಳ್ಬೇಕಿತ್ತು. ನಾಚ್ಕೊಂಡು ನಿಮ್ಮನ್ನ ಕೇಳ್ದೆ, ಅಮ್ಮಾ. ದಿನದ ಲೆಕ್ಕ ಯಾರಿಗಾದ್ರೂ ತಪ್ಪುತ್ತೆ, ಅದು ನಿಮ್ಮ ತಪ್ಪಲ್ಲ." ದೇವೀರಮ್ಮ ಹೇಳಿದ ಐದು ದಿನ ನಿಜವಿರಲಿಲ್ಲ ಎಂಬುದು ರಿಪೋರ್ಟ್ ನೋಡಿದ ನನಗೆ ಗೊತ್ತಿತ್ತು. ಸೊಸೆಯನ್ನು ಅತ್ತೆಯ ಮುಂದೆ ಸಿಕ್ಕಿಸುವುದು ಬೇಡ ಎಂದು ಅದನ್ನು ಅಲ್ಲಿಗೇ ಬಿಟ್ಟೆ.

ಚೈತ್ರಾ ಬಿಡಲಿಲ್ಲ. ಎದ್ದು ಚಪ್ಪರದ ಹತ್ತಿರ ಬಂದಳು. "ಅತ್ತೆ, ನಾನು ಹೊರಗಾಗಿರ್ನಿಲ್ಲ. ಎರಡು ತಿಂಗ್ಳೂ ಸುಳ್ಳೇಳ್ದೆ. ಬ್ಯಾರನ್ ವಾಸ್ನೆಗೆ ಹೊಟ್ಟೆ ತೊಳಸ್ತಿತ್ತು, ಕುಂತ್ರೆ ಸಾಕು ಅನ್ನಿಸ್ತಿತ್ತು. ಹೋದ್ವರ್ಸ ಬಸಿರು ಅಂತ ಏಳಿ, ನೀವು ಬೀದಿಗೆಲ್ಲ ಸಕ್ಕರೆ ಹಂಚಿ, ಆಮೇಲೆ ಏನೂ ಇಲ್ಲ ಅಂತಾಯ್ತಲ್ಲ. ಅದ್ಕೇ ಗಟ್ಟಿ ಆಗೋಗಂಟ ಬಾಯಿ ಬುಡಬಾರ್ದು ಅಂತಿದ್ದೆ." ಅಷ್ಟು ಹೇಳುವಾಗಲೇ ಅವಳ ಕಣ್ಣು ತುಂಬಿತ್ತು.

ದೇವೀರಮ್ಮ ಕಟ್ಟುತ್ತಿದ್ದ ಕಡ್ಡಿಯ ಗಂಟು ಬಿಗಿದು, ದಾರ ಕಿತ್ತು, ಪಕ್ಕಕ್ಕಿಟ್ಟರು. ನಾನು ಸಿಡಿಲಿಗೆ ಕಾದವನ ಹಾಗೆ ಕೂತಿದ್ದೆ.

"ನಂಗೊತ್ತಿತ್ತು ಕಣವ್ವ," ಎಂದರು. "ಮುಟ್ಟಿನ ಬಟ್ಟೆ ಒಗೆದಿಲ್ಲ ಒಣಗಾಕಿಲ್ಲ ಅನ್ನದು ಕಾಣ್ದೆ ಇರಕ್ಕೆ ನಾನೇನು ಕುರುಡಿನಾ? ಬಸಿರು ಅಂತ ತಿಳೀನಿಲ್ಲ. ಸುಸ್ತಾಗ್ಯದೆ, ಮೂರು ದಿನ ಕುಂತ್ಕಳ್ಳಿ ಅಂತ ಸುಮ್ಕಿದ್ದೆ. ನಾನೂ ಸೊಸೆಯಾಗಿದ್ದಾಗ ಅಂಗೇ ಕುಂತಿವ್ನಿ." ಆಮೇಲೆ ನನ್ನ ಕಡೆ ತಿರುಗಿದರು. "ಅವತ್ತು ಆಸ್ಪತ್ರೇಲಿ ನೀನು ಕೇಳ್ದಾಗ, ಬ್ಯಾರೆ ಗಂಡ್ಸಿನ ಮುಂದೆ ಸೊಸೆ ಸುಳ್ಳಿ ಅನ್ನಿಸ್ಕಬಾರ್ದು ಅಂತ ನಾನೂ ಐದು ದಿನ ಅಂದೆ. ನಿಂಗೆ ನಾಚ್ಕೆ, ಇವ್ಳಿಗೆ ಹೆದ್ರಿಕೆ, ನಂಗೆ ಮರ್ವಾದಿ. ಮೂರು ಜನ ಸೇರಿ ಮಾಡಿರದು. ನೀನೊಬ್ನೇ ಯಾಕಪ್ಪ ಹೊತ್ಕತೀಯ?"

ಮೂವರೂ ಒಬ್ಬರಿಗೊಬ್ಬರು ಕೆಟ್ಟದ್ದು ಬಯಸಿರಲಿಲ್ಲ. ಒಬ್ಬರ ಮಾನ ಇನ್ನೊಬ್ಬರು ಕಾಯುವ ಭರದಲ್ಲಿ, ಮಾತಾಡಲು ಬಾರದ ಒಂದು ಜೀವವನ್ನು ಮಿಷಿನ್ನಿನ ಕೆಳಗೆ ಇಟ್ಟುಬಿಟ್ಟಿದ್ದೆವು.

ಸ್ವಾಮಿ ನಿಧಾನವಾಗಿ ಕೇಳಿದ. "ಅವ್ವ, ನಾಳೆ ಮೈಸೂರಿಗೆ ಹೋಗೋದೋ ಬ್ಯಾಡ್ವೋ?" ನಾನೂ ಅವರ ಮುಖವನ್ನೇ ನೋಡಿದೆ. ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲವಲ್ಲ.

"ನನ್ನ್ಯಾಕೆ ನೋಡ್ತೀರಿ ಇಬ್ರೂ?" ಎಂದರು ದೇವೀರಮ್ಮ. "ಈ ಸಲನಾರ ಅವಳ್ನೇ ಕೇಳಿ."

ನಾನು ಎದ್ದು ನಿಂತು, ಚೈತ್ರಾಳ ಕಡೆಗೇ ತಿರುಗಿ, ಜೀವನದಲ್ಲಿ ಮೊದಲ ಸಲ ನಾಚಿಕೊಳ್ಳದೆ ಕೇಳಿದೆ. "ನೀವು ಏನು ಅಂದ್ಕೊಂಡಿದೀರಿ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಹೆಂಗೇ ಹುಟ್ಲಿ, ನಂಗೆ ಮಗ ಬೇಕು," ಎಂದಳು. ಅಲ್ಲಿ ಮಗ ಎಂದರೆ ಗಂಡೂ ಹೌದು, ಹೆಣ್ಣೂ ಹೌದು.

ಮಧ್ಯಾಹ್ನ ನನ್ನನ್ನು ಊಟ ಮಾಡದೆ ಹೋಗಲು ಬಿಡಲಿಲ್ಲ. ಮುದ್ದೆ, ಹುರುಳಿಕಾಳಿನ ಸಾರು. ಊರ ಮುಂದೆ ನಿಲ್ಲಿಸಿ ಬೈದಿದ್ದರೂ, ಆಸ್ಪತ್ರೆಯ ಮುಂದೆ ಜನ ಸೇರಿಸಿದ್ದರೂ ಯಾರೂ ಅವರನ್ನು ತಪ್ಪೆನ್ನುತ್ತಿರಲಿಲ್ಲ. ಅವರು ಎರಡನೇ ಮುದ್ದೆ ಇಟ್ಟರು. ಆ ಊಟದ ಋಣ ನನ್ನ ಮೇಲೆ ಇನ್ನೂ ಇದೆ, ತೀರುವುದೂ ಬೇಡ.

ಆಮೇಲಿನ ತಿಂಗಳುಗಳಲ್ಲಿ ಅವರ ಡಾಕ್ಟರು ಮೇಡಂ ಜೊತೆ ಫೋನಿನಲ್ಲಿ ಮಾತಾಡಿದರು, ಒಪ್ಪಿದರು. ಚೈತ್ರಾ ತಪ್ಪದೆ ಸ್ಕ್ಯಾನಿಂಗಿಗೆ ಹೋದಳು. ನಾನು ವಾರ ಎಣಿಸುತ್ತಿದ್ದೆ. ಲೆಕ್ಕ ಗೊತ್ತಿದ್ದೂ ಹೆದರಿಕೆ ಹೋಗಿರಲಿಲ್ಲ. ದೀಪಾವಳಿಗೆ ಮಿದುಳಿನ ನಾಟಿ ಕಾಲ ಮುಗಿಯಿತು ಎಂದು ನನ್ನಷ್ಟಕ್ಕೆ ನಾನೇ ನಿಟ್ಟುಸಿರು ಬಿಟ್ಟದ್ದು ನೆನಪಿದೆ. ಯುಗಾದಿಯ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಸ್ವಾಮಿ ಫೋನ್ ಮಾಡಿದಾಗ ನಾನು ಕೇಳಿದ ಮೊದಲ ಪ್ರಶ್ನೆ, "ತಲೆ ಸುತ್ತಳತೆ ಅಳೆದ್ರಾ? ಎಷ್ಟು?" ಅವನು ನರ್ಸನ್ನು ಕೇಳಿಕೊಂಡು ಬಂದು ಹೇಳಿದ. ಸರಿಯಾಗಿತ್ತು. ಫೋನಿಟ್ಟು, ಎಕ್ಸ್‌ರೇ ಕೋಣೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಹೊರಗೆ ಕೈಮುರಿದುಕೊಂಡ ಯಾರೋ ಬಾಗಿಲು ಬಡಿಯುತ್ತಿದ್ದರು.

ಈಗ ನಾನು ಮೈಸೂರಿನಲ್ಲಿ ಕೆಲಸ ಮಾಡುತ್ತೇನೆ. ನನ್ನ ಕೋಣೆಯ ಹೊರಗೆ ಎರಡು ಕುರ್ಚಿ ಹಾಕಿಸಿದ್ದೇನೆ. ಅತ್ತೆ, ಅಮ್ಮ, ಗಂಡ ಎಲ್ಲರೂ ಅಲ್ಲಿ. ಒಳಗೆ ಒಬ್ಬ ನರ್ಸು, ರೋಗಿ, ನಾನು. ಮೊದಲು ರೋಗಿಯನ್ನೇ ಕೇಳುತ್ತೇನೆ. ಕೆಲವರು ಇವನಿಗೇನು ಬಂತು ಎನ್ನುವ ಹಾಗೆ ನೋಡುತ್ತಾರೆ. ನೋಡಲಿ. ವರ್ಷಕ್ಕೊಮ್ಮೆ ಸೊಪ್ಪು ಬೇಯುವ ಕಾಲಕ್ಕೆ ಆ ಊರಿಗೆ ಹೋಗಿ ಮುದ್ದೆ ಉಂಡು ಬರುತ್ತೇನೆ. ಶಾರದಾ ಮೇಡಂಗೂ ಪ್ರತಿ ಸಲ ಫೋನ್ ಮಾಡಿ ಮಗುವಿನ ಸುದ್ದಿ ಹೇಳುತ್ತೇನೆ. "ನೀನು ಹೇಗಿದೀಯ ಅಂತ ಕೇಳಲ್ಲ, ಪೂರ್ವಿ ಹೇಗಿದಾಳೆ ಹೇಳು," ಎನ್ನುತ್ತಾರೆ.

ಹೋದ ತಿಂಗಳು ಹೋದಾಗ ಪೂರ್ವಿ ಚಪ್ಪರದ ಕಂಬ ಹಿಡಿದು ಗಿರಗಿರನೆ ಸುತ್ತುತ್ತಿದ್ದಳು. ಎರಡನೇ ತರಗತಿ. ಮುಂದಿನ ಎರಡು ಹಲ್ಲಿಲ್ಲ, ಬಾಯಿಗೆ ಬಿಡುವಿಲ್ಲ. ಅಜ್ಜಿಯ ದಾರದ ಉಂಡೆ ಬಚ್ಚಿಟ್ಟು, ಎಲ್ಲಿ ಹೇಳು ಎಂದು ನನ್ನನ್ನೇ ಪರೀಕ್ಷೆ ಮಾಡಿದಳು. ಓದು ಹೇಗೆ ಎಂದೆ.

"ಕತೆ ಎಲ್ಲ ಚೆನ್ನಾಗಿ ಓದ್ತಾಳೆ ಅಣ್ಣ," ಎಂದಳು ಚೈತ್ರಾ. "ಲೆಕ್ಕ ಮಾತ್ರ ಸ್ವಲ್ಪ ನಿಧಾನ. ಮಗ್ಗಿ ಹತ್ತದೇ ಇಲ್ಲ."

ಎಂಟು ವರ್ಷವಾಗಿತ್ತು, ಆದರೂ ಒಂಬತ್ತನೇ ವಾರ, ಮೂರು ಎಕ್ಸ್‌ರೇ, ಅಲುಗಾಡಿದ್ದಕ್ಕೆ ಮತ್ತೆ ತೆಗೆದದ್ದು, ಎಲ್ಲ ಕಣ್ಣ ಮುಂದೆ ಬಂತು. ಮುಖ ಬಿಳಿಚಿಕೊಂಡಿರಬೇಕು. ದೇವೀರಮ್ಮ ಸೊಪ್ಪು ಕಟ್ಟುವ ಕೈ ನಿಲ್ಲಿಸದೆ ನನ್ನ ಕಡೆ ನೋಡಿದರು.

"ಅವ್ರಪ್ಪ ಇವತ್ತಿಗೂ ಏಳರ ಮಗ್ಗೀಲಿ ಎಡವ್ತಾನೆ ಕಣಪ್ಪ," ಎಂದರು. "ಅವ್ನು ಹೊಟ್ಟೇಲಿದ್ದಾಗ ನಂಗ್ಯಾರು ಎಕ್ಸ್‌ರೇ ತೆಗೆದಿದ್ರು?"

ಚೈತ್ರಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಆ ಕಡೆ ಬ್ಯಾರನ್ನಿನ ಬಾಗಿಲಲ್ಲಿ ಒಳಗೆ ಹೋಗುವ ಕಡ್ಡಿಗಳನ್ನು ಎಣಿಸುತ್ತಿದ್ದ ಸ್ವಾಮಿ, ನಮ್ಮ ನಗು ಕೇಳಿ ತಿರುಗಿದವನು, ಎಣಿಕೆ ಮರೆತು ಮತ್ತೆ ಒಂದರಿಂದ ಶುರು ಮಾಡಿದ.